ಹಾರ್ಡಿಯ ನಾಡುನುಡಿ ಮತ್ತು ಕರಾವಳಿಯ ಇಂಗ್ಲಿಷ್ ಕಲಿಕೆ: ಪದಸಂಪತ್ತಿನ ಕುರಿತು ಒಂದು ಜಾನಪದೀಯ ವಿವೇಚನೆ

ವಿಕ್ಟೋರಿಯಾ ಯುಗದ ಕಾದಂಬರಿಗಳನ್ನು ಓದಿ ಇಂಗ್ಲಿಷ್ ಪದಸಂಪತ್ತನ್ನು ಬೆಳೆಸಿಕೊಳ್ಳಬೇಕೆಂಬ ಉಪದೇಶ ಇಲ್ಲಿನ ಕಾಲೇಜು ಶಿಕ್ಷಣದಷ್ಟೇ ಹಳೆಯದು. ಡಿಕನ್ಸ್, ಜಾರ್ಜ್ ಎಲಿಯಟ್, ಥಾಮಸ್ ಹಾರ್ಡಿ ಇವರ ಕೃತಿಗಳು ಭಾರತೀಯ ವಿಶ್ವವಿದ್ಯಾನಿಲಯಗಳ ಪಠ್ಯಪಟ್ಟಿಗಳಲ್ಲಿ ದೀರ್ಘಕಾಲದಿಂದ ನೆಲೆನಿಂತಿವೆ. ಕಠಿಣ ಪದದ ಕೆಳಗೆ ಗೆರೆ ಎಳೆಯುವುದು, ನಿಘಂಟಿನಲ್ಲಿ ಅರ್ಥ ಹುಡುಕುವುದು, ಅದನ್ನು ಪುಟದ ಅಂಚಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವುದು ವಿದ್ಯಾರ್ಥಿಯ ವಾಡಿಕೆ. ಈ ಕ್ರಮದಲ್ಲಿ ಪದವೆಂದರೆ ಒಂದು ಭಾಷೆಯ ನಾಣ್ಯಕ್ಕೆ ಇನ್ನೊಂದು ಭಾಷೆಯ ಚಿಲ್ಲರೆ. ಹಾರ್ಡಿಯ ಕಾದಂಬರಿಗಳಲ್ಲಿ ಈ ವ್ಯವಹಾರ ಕೆಡುತ್ತದೆ. ಅವನ ಪಾತ್ರಗಳು ಆಡುವ ಡಾರ್ಸೆಟ್ ಸೀಮೆಯ ನಾಡಮಾತು ಸಾಮಾನ್ಯ ನಿಘಂಟಿನ ಹಿಡಿತಕ್ಕೆ ಸುಲಭವಾಗಿ ಸಿಗುವುದಿಲ್ಲ. ಪರೀಕ್ಷೆಯ ಗೈಡುಗಳು ಅಂತಹ ಪದಗಳನ್ನು ದಾಟಿಕೊಂಡು ಹೋಗುತ್ತವೆ. ಸರಳೀಕೃತ ಆವೃತ್ತಿಗಳಲ್ಲಿ ಮೊದಲು ಕತ್ತರಿ ಬೀಳುವುದೂ ಅವಕ್ಕೇ. ಹೀಗೆ ಬಿಟ್ಟುಹೋಗುವ ಪದಗಳೇ ಕರಾವಳಿ ಕರ್ನಾಟಕದ ಓದುಗನಿಗೆ ಹಾರ್ಡಿಯ ಲೋಕದ ಬಾಗಿಲನ್ನು ತೆರೆಯಬಲ್ಲವು ಎಂಬುದು ಪ್ರಸ್ತುತ ಲೇಖನದ ವಾದ.

ಈ ವಾದಕ್ಕೆ ಒಂದು ಸ್ಥಳವೂ ಇದೆ. ಉಡುಪಿಯ ಕಡಿಯಾಳಿಯನ್ನು ದಾಟಿ ಮಣಿಪಾಲದ ಕಡೆಗೆ ಸಾಗುವ ರಸ್ತೆಯಲ್ಲಿ ಕುಂಜಿಬೆಟ್ಟು ಸಿಗುತ್ತದೆ. 1949ರಲ್ಲಿ ಸ್ಥಾಪನೆಗೊಂಡ ಮಹಾತ್ಮ ಗಾಂಧಿ ಮೆಮೋರಿಯಲ್ ಕಾಲೇಜು ಇರುವುದು ಇಲ್ಲಿಯೇ. ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಇದೇ ಕಾಲೇಜಿನ ಆವರಣದ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ತುಳು ನಿಘಂಟಿನ 6 ಸಂಪುಟಗಳು ಹೊರಬಂದವು. ಇಂಗ್ಲಿಷ್ ಪದಗಳ ಅರ್ಥವನ್ನು ಅಂಚಿನಲ್ಲಿ ಬರೆದುಕೊಳ್ಳುವ ತರಗತಿಯೂ ತುಳುವಿನ ಪ್ರಾದೇಶಿಕ, ಸಾಮಾಜಿಕ ಪ್ರಭೇದಗಳನ್ನು ಪಾಡ್ದನ, ಗಾದೆ, ನುಡಿಗಟ್ಟುಗಳ ಸಮೇತ ದಾಖಲಿಸುವ ಕಾರ್ಯಾಲಯವೂ ಒಂದೇ ಅಂಗಳದಲ್ಲಿದ್ದವು. ಆದರೆ ಮೊದಲನೆಯದು ಎರಡನೆಯದರಿಂದ ಕಲಿಯಬಹುದಾದುದೇನು ಎಂಬ ಪ್ರಶ್ನೆಗೆ ಇಂಗ್ಲಿಷ್ ಬೋಧನೆಯ ಚರ್ಚೆಗಳಲ್ಲಿ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಹಾರ್ಡಿಯ 'ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್' ಪುಸ್ತಕರೂಪದಲ್ಲಿ ಪ್ರಕಟವಾದುದು 1886ರಲ್ಲಿ. ಅದೇ ವರ್ಷ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಮ್ಯಾನರ್ ಪಾದ್ರಿಯ ತುಳು–ಇಂಗ್ಲಿಷ್ ನಿಘಂಟು ಹೊರಬಂದಿತು. ಇದು ಕೇವಲ ಕಾಲದ ಕಾಕತಾಳೀಯ. ಒಂದು ಇನ್ನೊಂದನ್ನು ಬಲ್ಲದೆಂದು ಯಾರೂ ಹೇಳಲಾರರು. ಆದರೂ ಎರಡನ್ನೂ ಎದುರೆದುರು ಇರಿಸಿದಾಗ ಒಂದು ಸಂಗತಿ ಹೊಳೆಯುತ್ತದೆ. ನಾಡಮಾತೊಂದನ್ನು ಗೌರವಸ್ಥ ಇಂಗ್ಲಿಷಿಗೆ ತಿರುಗಿಸಬೇಕಾದ ಸಂದರ್ಭ ಮಂಗಳೂರಿನಲ್ಲಿ ಮಾತ್ರವಲ್ಲ, ಇಂಗ್ಲೆಂಡಿನ ಒಳಗೂ ಇತ್ತು. ಕಾದಂಬರಿಯ 20ನೆಯ ಅಧ್ಯಾಯದಲ್ಲಿ ಎಲಿಜಬೆತ್ ಜೇನ್ ಸ್ವಲ್ಪ ಇಲ್ಲೇ ಇರು ಎಂಬರ್ಥದ ಮಾತನ್ನು ಹಳ್ಳಿಯ ನುಡಿಯಲ್ಲಿ ಹೇಳುತ್ತಾಳೆ. ಮೇಯರ್ ಹುದ್ದೆಗೇರಿದ್ದ ಹೆಂಚರ್ಡ್ ಹಂದಿಗೆ ಕಲಗಚ್ಚು ಹೊರುವವರ ಮಾತು ಇದೆಂದು ಅವಳ ಮೇಲೆ ಹರಿಹಾಯುತ್ತಾನೆ. ಹುಲ್ಲು ಕಟ್ಟುವ ಕೂಲಿಯಾಗಿದ್ದು ಮೇಲೆ ಬಂದ ಈ ಮನುಷ್ಯನ ಗದರಿಕೆಯಲ್ಲೇ ಅವನ ಹಳೆಯ ನಾಡಮಾತು ಇಣುಕುತ್ತದೆ. ಅದು ಅವನ ಕಿವಿಗೆ ಬೀಳುವುದಿಲ್ಲ.

ಅಲ್ಲಿಂದಾಚೆಗೆ ಹುಡುಗಿ ಭಾಷೆ ಕಲಿಯತೊಡಗುತ್ತಾಳೆ. ಅವಳು ಬಿಟ್ಟ ಪದಗಳನ್ನೂ ಹಿಡಿದ ಪದಗಳನ್ನೂ ಹಾರ್ಡಿ ಪಟ್ಟಿಯಂತೆ ಕೊಡುತ್ತಾನೆ. 'ಫೇ' ಹೋಗಿ 'ಸಕ್ಸೀಡ್' ಬರುತ್ತದೆ. 'ಡಂಬಲ್‌ಡೋರ್' ಹೋಗಿ 'ಹಂಬಲ್ ಬೀ' ಬರುತ್ತದೆ. ಹುಡುಗ ಹುಡುಗಿಯರು ಜೊತೆಯಾಗಿ ನಡೆಯುತ್ತಿದ್ದಾರೆ ಎನ್ನುವ ಬದಲು ಅವರ ವಿವಾಹ ನಿಶ್ಚಯವಾಗಿದೆ ಎನ್ನಲು ಕಲಿಯುತ್ತಾಳೆ. 'ಗ್ರೆಗಲ್ಸ್' ಎಂಬ ಕಾಡುಹೂವು 'ವೈಲ್ಡ್ ಹಯಸಿಂತ್' ಆಗುತ್ತದೆ. ನಿದ್ದೆ ಬಾರದ ರಾತ್ರಿಯ ಮರುದಿನ 'ಹ್ಯಾಗ್‌ರಿಡ್' ಆಗಿದ್ದೆ, ಅಂದರೆ ಮಾಟಗಾತಿ ತನ್ನನ್ನು ಸವಾರಿ ಮಾಡಿದಳು ಎಂದು ಕೆಲಸದವರಿಗೆ ಹೇಳುತ್ತಿದ್ದವಳು ಈಗ ಅಜೀರ್ಣವಾಗಿತ್ತು ಎನ್ನುತ್ತಾಳೆ. (ಡಂಬಲ್‌ಡೋರ್ ಎಂಬ ಹೆಸರನ್ನು ಇಂದಿನ ಎಳೆಯರು ಹ್ಯಾರಿ ಪಾಟರ್ ಕಥೆಗಳ ಮುದುಕನಿಂದ ಬಲ್ಲರು. ಕನ್ನಡದ 'ದುಂಬಿ'ಯೊಡನೆ ಅದಕ್ಕಿರುವ ಧ್ವನಿಸಾಮ್ಯ ರೆಕ್ಕೆಯ ಸದ್ದಿನ ಅನುಕರಣೆಯಿಂದ ಬಂದಿರಬಹುದಾದದ್ದೇ ಹೊರತು ಭಾಷಾಸಂಬಂಧದ ಸಾಕ್ಷ್ಯವಲ್ಲ. ಇಂತಹ ಸಾಮ್ಯಗಳ ಬೆನ್ನುಹತ್ತಿ ದಾರಿ ತಪ್ಪಿದ ಉತ್ಸಾಹಿಗಳು ತುಳುನಾಡಿನಲ್ಲಿ ಕಡಿಮೆಯಿಲ್ಲ.)

ಈ ಪಟ್ಟಿಯನ್ನು ಪದಸಂಪತ್ತಿನ ವೃದ್ಧಿಯೆಂದು ಓದಲು ಸಾಧ್ಯವಿಲ್ಲ. ದುಂಬಿಯ ಹೆಸರು ಬದಲಾದರೆ ದುಂಬಿಗೇನೂ ಆಗದು. ಆದರೆ ಜೊತೆಯಾಗಿ ನಡೆಯುವುದು ಊರಿನ ಕಣ್ಣೆದುರು ನಡೆಯುವ ಒಂದು ಆಚರಣೆ. ನಿಶ್ಚಯವೆಂಬುದು ಮಾತುಕತೆಯ ಒಪ್ಪಂದ. ಮಾಟಗಾತಿಯ ಸವಾರಿಯಿಂದ ಅಜೀರ್ಣಕ್ಕೆ ಬರುವಾಗ ರಾತ್ರಿಯ ಭಯವನ್ನು ಹೊರಗಿನ ಶಕ್ತಿಯೊಂದಕ್ಕೆ ಹೊರಿಸುತ್ತಿದ್ದ ಇಡೀ ನಂಬಿಕೆಯ ಕಟ್ಟಡ ಉರುಳಿ, ಅದರ ಜಾಗದಲ್ಲಿ ಹೊಟ್ಟೆಯೊಂದೇ ಉಳಿಯುತ್ತದೆ. 'ಕುಲೆಯ ಉಪದ್ರ', 'ಸೋಂಕು' ಎಂಬ ಮಾತುಗಳನ್ನು ಅಜ್ಜಿಯಿಂದ ಕೇಳಿ, ಅವನ್ನು ಕಾಲೇಜಿನಲ್ಲಿ ನುಂಗಿಕೊಳ್ಳಲು ಕಲಿತ ಕರಾವಳಿಯ ವಿದ್ಯಾರ್ಥಿಗೆ ಈ ಅಧ್ಯಾಯವನ್ನು ವಿವರಿಸಬೇಕಾಗಿಲ್ಲ. ಇಂಗ್ಲಿಷನ್ನು ಪರಭಾಷೆಯಾಗಿ ಕಲಿಯುವ ಅವನು ಇಲ್ಲಿ ಓದುತ್ತಿರುವುದು ಇಂಗ್ಲಿಷನ್ನು ಪರಭಾಷೆಯಂತೆ ಕಲಿಯಬೇಕಾಗಿ ಬಂದ ಒಬ್ಬ ಇಂಗ್ಲಿಷ್ ಹುಡುಗಿಯ ಕಥೆಯನ್ನು.

1891ರ 'ಟೆಸ್' ಕಾದಂಬರಿಯಲ್ಲಿ ಇದೇ ಸಂಗತಿ ಇನ್ನಷ್ಟು ಸ್ಪಷ್ಟವಾಗಿದೆ. ಟೆಸ್‌ಳದು ಎರಡು ನುಡಿ: ಮನೆಯಲ್ಲಿ ನಾಡಮಾತು, ಹೊರಗೆ ಮತ್ತು ದೊಡ್ಡವರೆದುರು ಶಾಲೆಯ ಇಂಗ್ಲಿಷ್. ಅವಳ ತಾಯಿಯದು ಒಂದೇ. ತಾಯಿಯ ಬಳಿ ಇರುವ ಒಂದೇ ಮುಖ್ಯ ಗ್ರಂಥ ಭವಿಷ್ಯ ಹೇಳುವ ಹಳೆಯ ಪುಸ್ತಕ; ಅದನ್ನು ರಾತ್ರಿ ಮನೆಯೊಳಗೆ ಇಟ್ಟುಕೊಳ್ಳಲು ಹೆದರಿ ಅವಳು ಹೊರಗಿನ ಹುಲ್ಲುಮಾಡಿನಲ್ಲಿ ಸಿಕ್ಕಿಸಿಡುತ್ತಾಳೆ. ತಾಯಿಗೂ ಮಗಳಿಗೂ ನಡುವೆ 200 ವರ್ಷಗಳ ಅಂತರವಿತ್ತೆಂದು ಹಾರ್ಡಿ ಲೆಕ್ಕ ಹಾಕುತ್ತಾನೆ. ಈ ಅಂತರವನ್ನು ಸೃಷ್ಟಿಸಿದ್ದು ಶಾಲೆ, ಅದರಲ್ಲೂ ಪರೀಕ್ಷೆಯ ಫಲಿತಾಂಶ ನೋಡಿ ಅನುದಾನ ಕೊಡುತ್ತಿದ್ದ 1862ರ ಪರಿಷ್ಕೃತ ಶಿಕ್ಷಣ ಸಂಹಿತೆ. ಫಲಿತಾಂಶಾಧಾರಿತ ಅನುದಾನ ಮದ್ರಾಸ್ ಪ್ರಾಂತ್ಯದ ಶಾಲೆಗಳಲ್ಲಿಯೂ ಜಾರಿಯಲ್ಲಿತ್ತು. ಉಡುಪಿಯ ಮಗುವಿನ ವಿಷಯದಲ್ಲಿ ನುಡಿಗಳು ಎರಡಲ್ಲ, ಮೂರು: ಮನೆಯಲ್ಲಿ ತುಳುವೋ ಕೊಂಕಣಿಯೋ ಕುಂದಗನ್ನಡವೋ, ಶಾಲೆಯಲ್ಲಿ ಗ್ರಾಂಥಿಕ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಮನೆಮಾತಿನ ಒಳಗೂ ಮೆಟ್ಟಿಲುಗಳುಂಟು. ಎಲೆಗೆ ತುಳುವಿನಲ್ಲಿ 'ತಪ್ಪು', 'ಸಪ್ಪು', 'ಹಪ್ಪು' ಎಂಬ ರೂಪಗಳಿವೆ. ಊರು, ಸಮುದಾಯಗಳನ್ನು ಅನುಸರಿಸಿ ಇವು ಬದಲಾಗುತ್ತವೆ. ಭಾಷಾಶಾಸ್ತ್ರಕ್ಕೆ ಮೂರೂ ಸಮಾನ. ತರಗತಿಯಲ್ಲಿ ಮಗು ಯಾವುದನ್ನು ಮೊದಲು ಅಡಗಿಸಿಕೊಳ್ಳುತ್ತದೆ ಎಂಬುದು ಭಾಷಾಶಾಸ್ತ್ರದ ಪ್ರಶ್ನೆಯಲ್ಲ.

'ದಿ ರಿಟರ್ನ್ ಆಫ್ ದಿ ನೇಟಿವ್' (1878) ಆರಂಭವಾಗುವುದು ಎಗ್ಡನ್ ಹೀತ್‌ನ ದೀರ್ಘ ವರ್ಣನೆಯಿಂದ. ಬಹುಪಾಲು ವಿದ್ಯಾರ್ಥಿಗಳು ಈ ಕಾದಂಬರಿಯನ್ನು ಕೆಳಗಿಡುವುದೂ ಅಲ್ಲಿಯೇ. 'ಹೀತ್' ಪದಕ್ಕೆ ಬಂಜರು ಬಯಲು ಎಂದು ಅಂಚಿನಲ್ಲಿ ಬರೆದುಕೊಂಡರೆ ಮುಂದಿನ ನಾನೂರು ಪುಟ ಬಂಜರಾಗಿಯೇ ಉಳಿಯುತ್ತದೆ. ಕರಾವಳಿಯವರ ಬಳಿ ಇದಕ್ಕೆ ಬೇರೊಂದು ಪದವಿದೆ: ಪದವು. ಮುರಕಲ್ಲಿನ ಎತ್ತರದ ಹಾಸು, ಮಳೆಗಾಲದಲ್ಲಿ ಹಸಿರು, ಬೇಸಗೆಯಲ್ಲಿ ಕಂದು. ಉಳುಮೆಗೆ ಒದಗದು, ಆದರೆ ನಿರುಪಯೋಗಿಯೂ ಅಲ್ಲ. ದನ ಮೇಯುವುದು ಅಲ್ಲಿ, ಮಾಡಿಗೆ ಹೊದಿಸುವ ಮುಳಿಹುಲ್ಲು ಬರುವುದು ಅಲ್ಲಿಂದ, ಸೌದೆ ಸೊಪ್ಪು ಅಲ್ಲಿಂದ. 1953ರಲ್ಲಿ ವೈದ್ಯಕೀಯ ಕಾಲೇಜು ಬರುವ ಮೊದಲಿನ ಮಣಿಪಾಲವೂ ಇಂತಹುದೇ ಒಂದು ಬೋಳುಗುಡ್ಡ. ವರ್ಗ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಭೂಮಿಯಲ್ಲಿ ಸೊಪ್ಪು ಸೌದೆ ಪಡೆಯುವ 'ಕುಮ್ಕಿ' ಸವಲತ್ತನ್ನು ಬಲ್ಲವನಿಗೆ, ಎಗ್ಡನ್‌ನಲ್ಲಿ ಇಂಧನಕ್ಕಾಗಿ ಹೆಂಟೆ ಕಡಿಯುವ ಹಕ್ಕು ಹಳೆಯ ಶಾಸನಪತ್ರಗಳಲ್ಲಿ ದಾಖಲಾಗಿದೆ ಎಂದು ಹಾರ್ಡಿ ಮೊದಲ ಅಧ್ಯಾಯದಲ್ಲಿಯೇ ಏಕೆ ನೆನಪಿಸುತ್ತಾನೆ ಎಂಬುದು ತಾನಾಗಿ ತಿಳಿಯುತ್ತದೆ. ಹೀತ್ ಎಂಬುದು ಭೂದೃಶ್ಯವಲ್ಲ, ಬದುಕಿನ ಹಕ್ಕು. ಪ್ಯಾರಿಸ್ಸಿನಿಂದ ಮರಳಿದ ಕ್ಲಿಮ್ ಜನರಿಗೆ ವಿದ್ಯೆ ಹೇಳಬೇಕೆಂದು ರಾತ್ರಿಯಿಡೀ ಓದಿ ಕಣ್ಣು ಕೆಡಿಸಿಕೊಂಡು, ಕೊನೆಗೆ ಅದೇ ಪದವಿನಲ್ಲಿ ಮುಳ್ಳುಪೊದೆ ಕಡಿಯುವ ಕೂಲಿಯಾಗುತ್ತಾನೆ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯ ರಾಮನನ್ನು ಬಲ್ಲ ಓದುಗನಿಗೆ ಈ ಮರಳುವಿಕೆ ಹೊಸತೆನಿಸದು. ಇಲ್ಲಿ ಪ್ರಭಾವವನ್ನು ಹುಡುಕುವುದಕ್ಕಿಂತ ಓದಿನ ಅನುಕೂಲವನ್ನು ಗುರುತಿಸುವುದು ಲೇಸು.

ಹೊಲದ ಮಾತಿಗೂ ಇದೇ ನ್ಯಾಯ. ಇಂಗ್ಲಿಷಿನ 'ಫೀಲ್ಡ್' ಎಂಬ ಒಂದು ಪದದ ಎದುರು ಕರಾವಳಿಯಲ್ಲಿ ನೀರಿನ ಅನುಕೂಲಕ್ಕೆ ತಕ್ಕಂತೆ ಬೈಲು, ಮಜಲು, ಬೆಟ್ಟು ಎಂಬ ಮೂರು ಗದ್ದೆಗಳಿವೆ. ಕುಂಜಿಬೆಟ್ಟಿನ 'ಬೆಟ್ಟು' ಬೆಟ್ಟವಲ್ಲ. ಘಟ್ಟದ ಮೇಲಿನಿಂದ ಬಂದ ಕನ್ನಡಿಗರೇ ಇಲ್ಲಿ ಎಡವುತ್ತಾರೆ. ಕುರಿಗಳಿಗೆ ಗುರುತು ಹಚ್ಚುವ ಕೆಂಬಣ್ಣ ಮಾರುತ್ತ ತಾನೇ ಅಡಿಯಿಂದ ಮುಡಿಯವರೆಗೆ ಕೆಂಪಾದ ಡಿಗರಿ ವೆನ್‌ನ 'ರೆಡಲ್' ಎಂದರೇನು ಎಂದು ಉಡುಪಿಯವರು ನಿಘಂಟನ್ನು ಕೇಳಬೇಕಾಗಿಲ್ಲ. ಕರಾವಳಿಯ ಗುಡಿಗಳ ಗೋಡೆಯ ಮೇಲಿನ ಕಾವಿ ಚಿತ್ರಗಳಿವೆ. ಕೆಮ್ಮಣ್ಣು ಎಂಬ ಊರೇ ಹತ್ತಿರದಲ್ಲಿದೆ.

ಆದರೆ ಸಮಾನಪದ ಸಿಕ್ಕೊಡನೆ ಕೆಲಸ ಮುಗಿಯಿತೆಂದುಕೊಳ್ಳುವುದು ಅಪಾಯ. 'ಮೇಯರ್' ಕಾದಂಬರಿಯ 'ಸ್ಕಿಮಿಂಗ್ಟನ್' ಸವಾರಿಯಲ್ಲಿ ಊರಿನ ಕೆಳವರ್ಗದ ಜನ ಹೆಂಚರ್ಡ್ ಮತ್ತು ಲುಸೆಟ್ಟಾರ ಪ್ರತಿಕೃತಿಗಳನ್ನು ಕತ್ತೆಯ ಮೇಲೆ ಕೂರಿಸಿ ಗದ್ದಲದೊಡನೆ ಮೆರೆಸುತ್ತಾರೆ. ಕನ್ನಡದಲ್ಲಿ 'ಕತ್ತೆಯ ಮೇಲೆ ಮೆರವಣಿಗೆ' ಎಂಬ ನುಡಿಗಟ್ಟೇ ಇರುವುದರಿಂದ ಅರ್ಥ ಕೂಡಲೇ ಹೊಳೆಯುತ್ತದೆ. ಅಣಕು ಮೆರವಣಿಗೆ ಎಂಬ ನಿಘಂಟಿನ ಅರ್ಥಕ್ಕಿಂತ ಇದು ಮೇಲು. ಏಕೆಂದರೆ ಇದರಲ್ಲಿ ಶಿಕ್ಷೆಯ ಧ್ವನಿಯಿದೆ. ಆದರೆ ಕನ್ನಡದ ನುಡಿಗಟ್ಟಿನಲ್ಲಿ ಕತ್ತೆಯ ಮೇಲಿರುವವನು ಅಪರಾಧಿಯೇ; ಹಾರ್ಡಿಯಲ್ಲಿ ಗೊಂಬೆ. ಆ ಗೊಂಬೆಯನ್ನು ಕಿಟಕಿಯಿಂದ ನೋಡಿದ ಲುಸೆಟ್ಟಾ ಆಘಾತದಿಂದ ಸಾಯುತ್ತಾಳೆ. ಈ ಅಂತರವನ್ನು ಕಾಣದ ಓದು ಕಾದಂಬರಿಯ ಕೇಂದ್ರವನ್ನೇ ಕಳೆದುಕೊಳ್ಳುತ್ತದೆ. ಹಾಗೆಯೇ ಕ್ರಿಸ್‌ಮಸ್ ಕಾಲದ ವೇಷಧಾರಿಗಳ ಆಟವನ್ನು ಮಾರ್ನೆಮಿ ವೇಷಕ್ಕೆ ಹೋಲಿಸಬಹುದು, ಮನೆಯಿಂದ ಮನೆಗೆ ಹೋಗುವ ಮಟ್ಟಿಗೆ. ಆ ಆಟದಲ್ಲಿ ಸತ್ತವನನ್ನು ವೈದ್ಯ ಎಬ್ಬಿಸುವ ಕಥಾಭಾಗ ಮಾರ್ನೆಮಿಯಲ್ಲಿಲ್ಲ.

ಜಾನಪದ ವಿದ್ವಾಂಸರೂ ಹಾರ್ಡಿಯನ್ನು ಪೂರ್ತಿಯಾಗಿ ಓದಿದವರಲ್ಲ. ರೂತ್ ಫಿರರ್ 1931ರಲ್ಲಿಯೇ ಅವನ ಕೃತಿಗಳ ನಂಬಿಕೆ ಆಚರಣೆಗಳನ್ನು ಪುಸ್ತಕವಾಗಿ ಸಂಗ್ರಹಿಸಿದರು. ಆದರೆ ಆಚರಣೆಗಳನ್ನು ವರ್ಗೀಕರಿಸುವ ಇಂತಹ ಕ್ರಮದಲ್ಲಿ ಮಾತನಾಡಿದವರು ಯಾರು, ಆ ಮಾತಿಗೆ ನಾಚಿದವರು ಯಾರು ಎಂಬ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ತುಳುನಾಡಿನ ಅನುಭವ ಈ ಪ್ರಶ್ನೆಗಳನ್ನು ಮರೆಯಲು ಬಿಡುವುದಿಲ್ಲ. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು 1894ರಿಂದ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟವಾದಾಗ ಶೀರ್ಷಿಕೆಯಲ್ಲಿಯೇ 'ಡೆವಿಲ್' ಎಂಬ ಪದ ಬಂದು ಕುಳಿತಿತು. ನ್ಯಾಯ ಕೇಳುವ, ಫಸಲು ಕಾಯುವ ಬೂತ ಆ ಒಂದು ಪದದಿಂದ ಕ್ರೈಸ್ತ ನರಕದ ಪ್ರಜೆಯಾಯಿತು. 'ದೈವ' ಎಂಬ ಪದ ತುಳುವಿನಲ್ಲಿ ಮೊದಲಿನಿಂದ ಇದ್ದುದೇ. ಆದರೆ ಇತ್ತೀಚಿನ ದಶಕಗಳಲ್ಲಿ 'ಭೂತಾರಾಧನೆ'ಯನ್ನು ಬಿಟ್ಟು 'ದೈವಾರಾಧನೆ' ಎಂದೇ ಹೇಳಬೇಕೆಂಬ ಒತ್ತಾಯ ಬೆಳೆದುದರಲ್ಲಿ, ಸಂಸ್ಕೃತದ 'ಭೂತ'ದಷ್ಟೇ ಆ ಇಂಗ್ಲಿಷ್ ಅನುವಾದದ ನಾಚಿಕೆಯೂ ಕೆಲಸ ಮಾಡಿದೆ. ಎಲಿಜಬೆತ್ ಜೇನ್‌ಳ ಪಟ್ಟಿ ಇಲ್ಲಿ ಒಂದು ಸಮುದಾಯದ ಪಟ್ಟಿಯಾಗುತ್ತದೆ.

ಇದಕ್ಕೆ ಆಕ್ಷೇಪವೊಂದು ಬರುವುದು ಸಹಜ. ಕೆಲಸಕ್ಕಾಗಿ ಇಂಗ್ಲಿಷ್ ಕಲಿಯುವ ಹುಡುಗನಿಗೆ 'ಫೇ', 'ಗ್ರೆಗಲ್ಸ್' ಎಂಬ ಸತ್ತ ಪದಗಳಿಂದ ಏನು ಪ್ರಯೋಜನ? ಸಂದರ್ಶನದಲ್ಲಿ ಅವುಗಳಿಂದ ಕಾಸಿನ ಉಪಯೋಗವಿಲ್ಲವೆಂಬುದನ್ನು ಒಪ್ಪಲೇಬೇಕು. ಆ ಹುಡುಗನಿಗೆ ಬೇಕಾದದ್ದು 'ಸಕ್ಸೀಡ್' ಎಂಬ ಪದವೇ, ಮತ್ತು ಅದನ್ನು ಕಲಿಯುವ ಹಕ್ಕನ್ನು ನಾಡಮಾತಿನ ಅಭಿಮಾನದ ಹೆಸರಿನಲ್ಲಿ ಯಾರೂ ಕಸಿಯಬಾರದು. ಕರಾವಳಿಯ ಬಡಮನೆಗಳಿಗೆ ಇಂಗ್ಲಿಷ್ ಮುಂಬಯಿಯ ದಾರಿ, ಕೊಲ್ಲಿ ದೇಶಗಳ ದಾರಿ. ಹೆಂಚರ್ಡ್‌ನ ತಪ್ಪು ಮಗಳಿಗೆ ಶಿಷ್ಟ ಭಾಷೆ ಬೇಕೆಂದು ಬಯಸಿದ್ದರಲ್ಲಿಲ್ಲ. ಹಳೆಯ ಮಾತನ್ನು ಹಂದಿಯ ದೋಣಿಗೆ ಕಟ್ಟಿದ್ದರಲ್ಲಿದೆ. ಇಂಗ್ಲೆಂಡಿನಲ್ಲಿಯೇ ಬಾಲ್ಯದಲ್ಲಿ ಗಿರಣಿಯಲ್ಲಿ ದುಡಿದು, ತಡವಾಗಿ ಅಕ್ಷರ ಕಲಿತು, ಆಕ್ಸ್‌ಫರ್ಡಿನ ಪ್ರಾಧ್ಯಾಪಕನಾದ ಜೋಸೆಫ್ ರೈಟ್ 1898ರಿಂದ 1905ರ ನಡುವೆ ಇಂಗ್ಲಿಷ್ ಉಪಭಾಷೆಗಳ ನಿಘಂಟನ್ನು ಹೊರತಂದನು. ಅದೂ 6 ಸಂಪುಟ. ಶಿಷ್ಟ ಭಾಷೆಯನ್ನು ಕೈವಶ ಮಾಡಿಕೊಂಡವನು ನಾಡಮಾತನ್ನು ತೊರೆಯಲೇಬೇಕೆಂಬ ನಿಯಮವೇನೂ ಇರಲಿಲ್ಲ. ಕುಂಜಿಬೆಟ್ಟಿನ ಆರು ಸಂಪುಟಗಳನ್ನು ಗ್ರಂಥಾಲಯದ ಪರಾಮರ್ಶನ ವಿಭಾಗದಿಂದ ಇಳಿಸಿ ಇಂಗ್ಲಿಷ್ ತರಗತಿಯ ಮೇಜಿನ ಮೇಲೆ ಹಾರ್ಡಿಯ ಪಕ್ಕದಲ್ಲಿರಿಸಿದರೆ, ಪದವೊಂದು ಯಾವ ಕೆಲಸದ ನಡುವೆ, ಯಾರ ಬಾಯಲ್ಲಿ, ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ಕೇಳುವ ಅಭ್ಯಾಸ ಎರಡು ಭಾಷೆಗಳಿಗೂ ಒಟ್ಟಿಗೆ ಬರುತ್ತದೆ.

'ಮೇಯರ್' ಕಾದಂಬರಿಯ ಕೊನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕು. ಎಲ್ಲವನ್ನೂ ಕಳೆದುಕೊಂಡ ಹೆಂಚರ್ಡ್ ಹೀತ್‌ನ ಪಾಳುಗುಡಿಸಲೊಂದರಲ್ಲಿ ಸಾಯುತ್ತಾನೆ. ಎಲಿಜಬೆತ್ ಜೇನ್ ಮತ್ತು ಅವಳ ಗಂಡ ಅಲ್ಲಿಗೆ ತಲುಪುವುದು ತಡವಾಗಿ. ಕೊನೆಯ ದಿನಗಳ ಕಥೆಯನ್ನು ಅವರಿಗೆ ಹೇಳುವವನು ಏಬಲ್ ವಿಟ್ಲ್. ಹಿಂದೊಮ್ಮೆ ಕೆಲಸಕ್ಕೆ ತಡವಾಗಿ ಬಂದನೆಂದು ಹೆಂಚರ್ಡ್‌ನಿಂದ ಅವಮಾನಕ್ಕೊಳಗಾದ ಕೂಲಿಯಾಳು ಅವನು. ತನ್ನ ತಾಯಿಯನ್ನು ಆತ ಕರುಣೆಯಿಂದ ಕಂಡಿದ್ದನೆಂಬ ಒಂದೇ ನೆನಪಿನಿಂದ ಬೆನ್ನುಹತ್ತಿ ಬಂದು ಶುಶ್ರೂಷೆ ಮಾಡಿದವನು. ಅವನಿಗೆ ಓದು ಬಾರದು. ಸತ್ತವನ ಉಯಿಲನ್ನು ಓದಲಾರದೆ ಕೈಯಲ್ಲಿ ಹಿಡಿದಿದ್ದಾನೆ. ಅವನು ಹೇಳುವುದೆಲ್ಲ ಅಪ್ಪಟ ನಾಡಮಾತಿನಲ್ಲಿ. ಮೇಯರ್ ಮಗಳ ಬಾಯಿಂದ ಅಳಿಸಿಹಾಕಿದ್ದ ಅದೇ ಮಾತಿನಲ್ಲಿ. ಎಲಿಜಬೆತ್ ಜೇನ್ ನಿಂತು ಕೇಳುತ್ತಾಳೆ. ಯಾವ ಪದದ ಅರ್ಥವನ್ನೂ ಅವಳು ಕೇಳುವುದಿಲ್ಲ.