ಓದಿದವರ ಸಲ್ಲಾಪ

ಮೈಸೂರಿನಲ್ಲಿ ಪುಸ್ತಕ ಓದುವವರಿಗೆ ಕೊರತೆಯಿಲ್ಲ. ಓದಿದುದನ್ನು ಕುರಿತು ಆಡುವವರಿಗಂತೂ ಇಲ್ಲವೇ ಇಲ್ಲ. ಸರಸ್ವತೀಪುರದ ಮನೆಯೊಂದರ ಜಗಲಿಯಲ್ಲಿ ತಿಂಗಳಿಗೊಮ್ಮೆ ಕೆಲವರು ಕಲೆತು, ಈಚೆಗೆ ಓದಿದ ಗ್ರಂಥವನ್ನು ಕುರಿತು ಮನಬಂದಂತೆ ಮಾತನಾಡುವುದುಂಟು. ಅಧ್ಯಕ್ಷರಿಲ್ಲ, ವಂದನಾರ್ಪಣೆಯಿಲ್ಲ, ಕಾಫಿಯುಂಟು. ಇಂತಹ ಹರಟೆಯನ್ನು ವಿಮರ್ಶೆಯೆಂದು ಎಣಿಸಬಹುದೆ ಎಂಬ ಸಂಶಯವು ನನಗೆ ಬಹುಕಾಲವಿದ್ದಿತು.

ರಾಜಶೇಖರನು ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಭಾವಕರನ್ನು, ಎಂದರೆ ಕಾವ್ಯವನ್ನು ಓದಿ ಬೆಲೆಗಟ್ಟುವವರನ್ನು, ನಾಲ್ಕು ಬಗೆಯಾಗಿ ವಿಂಗಡಿಸಿರುವನು. ಏನೂ ರುಚಿಸದವನು ಅರೋಚಕಿ. ಹುಲ್ಲುಸಹಿತ ಎಲ್ಲವನ್ನೂ ನುಂಗುವವನು ಸತೃಣಾಭ್ಯವಹಾರಿ. ಮತ್ಸರಿಯ ಅರ್ಥವನ್ನು ಈ ಪತ್ರಿಕೆಯ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಕಡೆಯವನು ತತ್ತ್ವಾಭಿನಿವೇಶಿ, ಸಾವಿರದಲ್ಲಿ ಒಬ್ಬನಿದ್ದರೆ ಇದ್ದಾನು. "ಚೆನ್ನಾಗಿದೆ", "ಒಂದೇ ರಾತ್ರಿಯಲ್ಲಿ ಮುಗಿಸಿದೆ" ಎನ್ನುವ ಜಗಲಿಯವರನ್ನೆಲ್ಲ ಎರಡನೆಯ ಗುಂಪಿಗೆ ಸೇರಿಸಿ ನಾನು ನಿಶ್ಚಿಂತನಾಗಿದ್ದೆನು.

೨೦೨೫ರಲ್ಲಿ ಎಸ್. ಎಲ್. ಭೈರಪ್ಪನವರು ನಿಧನರಾದ ತರುವಾಯ ಅಲ್ಲಿ 'ವಂಶವೃಕ್ಷ'ದ (೧೯೬೫) ಪ್ರಸ್ತಾಪ ಬಂದಿತು. ನಂಜನಗೂಡು, ಮೈಸೂರುಗಳ ನಡುವಣ ಕಥೆ. ನಮ್ಮ ಊರಿನವರಿಗೆ ಅದರಲ್ಲಿ ನೆಂಟರ ಮನೆಯ ಸಲಿಗೆ. ನಾನು ಸಂಪ್ರದಾಯ, ವ್ಯಕ್ತಿಸ್ವಾತಂತ್ರ್ಯ ಎಂದು ಅರ್ಧ ಗಂಟೆ ವಿವರಿಸಿದೆನು. ಒಬ್ಬರು, ೧೯೭೨ರ ಚಲಚ್ಚಿತ್ರವನ್ನು ನೋಡಿದರೆ ಸಾಕು, ಪುಸ್ತಕವೇಕೆ ಎಂದರು. ಆಮೇಲೆ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಬಾಯಿ ತೆರೆದರು. ಯೌವನದಲ್ಲಿ ಆಕೆಯೂ ಕಾತ್ಯಾಯನಿಯಂತೆ ನಂಜನಗೂಡಿನಿಂದ ರೈಲಿನಲ್ಲಿ ಇಲ್ಲಿಯ ಕಾಲೇಜಿಗೆ ಬರುತ್ತಿದ್ದವರು.

"ಮೊದಲ ಸಲ ಓದಿದಾಗ ಶ್ರೋತ್ರಿಗಳು ದೇವರಂತೆ ಕಂಡಿದ್ದರು. ಈ ಸಲ, ಮಗುವನ್ನು ಕೇಳಲು ಬಂದ ಸೊಸೆಗೆ ಕೊಡುವುದಿಲ್ಲವೆನ್ನದೆ, ತೀರ್ಮಾನವನ್ನೆಲ್ಲ ಅವಳ ಮೇಲೆಯೇ ಹೊರಿಸಿಬಿಟ್ಟರಲ್ಲ, ಅಲ್ಲಿ ಪುಸ್ತಕ ಮುಚ್ಚಿಬಿಟ್ಟೆ ನೋಡಿ. ಬೈದಿದ್ದರೆ ಅವಳು ಎತ್ತಿಕೊಂಡು ಹೋಗುತ್ತಿದ್ದಳೇನೋ!"

ನನ್ನ ಅರ್ಧ ಗಂಟೆ ಅಲ್ಲಿಗೆ ವ್ಯರ್ಥವಾಯಿತು. ಪುನರ್ವಿವಾಹವಾದ ಕಾತ್ಯಾಯನಿಯ ಗರ್ಭಗಳು ನಿಲ್ಲದೆ ಹೋಗುವುದನ್ನು ಹಿಡಿದು, ಗ್ರಂಥಕರ್ತರು ಅವಳನ್ನು ದಂಡಿಸಿದರೆಂದು ಆಕ್ಷೇಪಿಸುವುದು ವಾಡಿಕೆ. ಆದರೆ ಅವಳು ಕುಸಿದದ್ದು ಬರಿಗೈಯಲ್ಲಿ ಹಿಂದಿರುಗಿದ ಆ ಗಳಿಗೆಯಲ್ಲಿ. ಕುಸಿಯುವಂತೆ ಮಾಡಿದುದು ಕ್ರೌರ್ಯವಲ್ಲ, ಸೌಜನ್ಯ. ಕಪಿಲೆಯಲ್ಲಿ ಮಗನನ್ನು ಕಳೆದುಕೊಂಡ ವೃದ್ಧನಿಗೆ ಮೊಮ್ಮಗನೊಬ್ಬನೇ ವಂಶದ ಕುಡಿ. ಆ ವಂಶದ ರಕ್ತ ತನ್ನದೇ ಅಲ್ಲವೆಂದು ಶ್ರೋತ್ರಿಗಳು ಕಡೆಯಲ್ಲಿ ತಿಳಿಯುವರಷ್ಟೆ. ಈ ಎರಡು ಪ್ರಸಂಗಗಳನ್ನು ಎದುರುಬದುರಾಗಿಟ್ಟು ಓದಿದರೆ, ಕಾದಂಬರಿಯು ಶ್ರೋತ್ರಿಗಳ ಪಕ್ಷಪಾತಿಯೆಂಬ ಮಾತು ಅಷ್ಟು ಸುಲಭವಾಗಿ ನಿಲ್ಲಲಾರದು. ನಾನು ಹಲವು ಸಲ ಓದಿಯೂ ಹಾಗೆ ಇಟ್ಟು ನೋಡಿರಲಿಲ್ಲ. ಆಕೆಗೆ ರಾಜಶೇಖರನ ಹೆಸರೂ ತಿಳಿಯದು.

ಇದನ್ನೆಲ್ಲ ಬರೆದುಕೊಡಿರೆಂದು ಕೇಳಿದೆನು. "ಬರೆಯುವುದಕ್ಕೇನಿದೆ, ಹೇಳಿದೆನಲ್ಲ" ಎಂದು ಲೋಟಗಳನ್ನು ಒಳಗೆ ತೆಗೆದುಕೊಂಡು ಹೋದರು. ಶ್ರೋತ್ರಿಗಳ ದುಃಖವನ್ನು ಆಕೆ ತೀರ ಹಗುರವಾಗಿ ಕಂಡರೆಂದು ನನಗೆ ಈಗಲೂ ತೋರುವುದು. ಬರುವ ತಿಂಗಳು ಜಗಲಿಯಲ್ಲಿ ಅದನ್ನು ಹೇಳಬೇಕೆಂದಿರುವೆನು.