ಹರಿಗೋಲಿನ ಹೆಣಿಗೆ

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಬಳಿ ಬಂಡೆಗಳ ನಡುವೆ ಹರಿಯುವ ಕಾವೇರಿಯಲ್ಲಿ, ಚೂಪು ತಳದ ಮರದ ದೋಣಿ ನೆಲ ಕಚ್ಚುವಷ್ಟು ಕಡಿಮೆ ನೀರಿದ್ದರೂ ಹರಿಗೋಲು, ಅಂದರೆ ಸೀಳಿದ ಬಿದಿರಿನ ದಬ್ಬೆಗಳನ್ನು ಹೆಣೆದು ಮಾಡಿದ ದುಂಡನೆಯ ದೋಣಿ, ತನ್ನ ಚಪ್ಪಟೆ ತಳದಿಂದ ಭಾರವನ್ನು ಅಗಲಕ್ಕೆ ಹರಡಿಕೊಂಡು ಸರಾಗವಾಗಿ ಸಾಗುತ್ತದೆ. ಹಿಂದೆ ಅದರ ಹೊರಮೈಗೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುವುದು ರೂಢಿ. ಬಳಸಿದ ಹರಿಗೋಲನ್ನು ಅಗ್ಗದ ಬೆಲೆಗೆ ಕೊಳ್ಳುವವರು ಹೊದಿಕೆಯ ಹರಕಿಗೆ ಅಂಜಬೇಕಿಲ್ಲ, ಏಕೆಂದರೆ ಅದನ್ನು ದಡದಲ್ಲೇ ತೇಪೆ ಹಾಕಿ ಸರಿಪಡಿಸಬಹುದು. ಆದರೆ ಅಂಚಿನ ಕಟ್ಟು ಸಡಿಲವಾಗಿದ್ದರೆ ಅಥವಾ ತಳದ ದಬ್ಬೆಗಳಿಗೆ ಹುಳು ಹಿಡಿದಿದ್ದರೆ ಇಡೀ ಹೆಣಿಗೆಯೇ ಆಕಾರ ಕಳೆದುಕೊಳ್ಳುತ್ತದೆ. ಬಂಡೆಗೆ ತಾಗಿದಾಗ ಮುರಿಯದೆ ಬಾಗಿ ಮತ್ತೆ ದುಂಡಗಾಗುವ ಹರಿಗೋಲಿನ ಗುಣ ಹೆಣೆಯುವವರ ಕುಶಲತೆಯ ಫಲ. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತುಂಗಭದ್ರೆಯ ಇಂಥ ದೋಣಿಗಳಲ್ಲಿ ಹದಿನೈದಿಪ್ಪತ್ತು ಜನರಷ್ಟೇ ಅಲ್ಲದೆ ಕುದುರೆ, ಎತ್ತುಗಳೂ ನದಿ ದಾಟುತ್ತಿದ್ದುದನ್ನು ದಾಖಲಿಸಿದ್ದಾನೆ.