ಮನೆಯ ಅಳಿಯ ಬರೆದ ವಂಶಾವಳಿ

ಅಮೆರಿಕದ ಕಾದಂಬರಿಕಾರ ಕರ್ಟ್ ವಾನೆಗಟ್ 1981ರಲ್ಲಿ ‘ಪಾಮ್ ಸಂಡೇ’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಭಾಷಣ, ಪತ್ರ, ಮುನ್ನುಡಿ, ಮನೆಮಾತು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ ಪುಸ್ತಕ ಅದು. ಅದರಲ್ಲಿ ಅವರು ಶಾಲೆಯ ಮೇಷ್ಟರಂತೆ ತಮ್ಮ ಕೃತಿಗಳಿಗೆಲ್ಲ ತಾವೇ ದರ್ಜೆ ಹಾಕಿದ್ದಾರೆ. ಈ ಪುಸ್ತಕಕ್ಕೆ ಸಿಕ್ಕಿದ್ದು ‘ಸಿ’. ಉಳಿದ ಭಾಗಗಳಿಗೆ ಅದು ನ್ಯಾಯವೆಂದೇ ಇಟ್ಟುಕೊಳ್ಳೋಣ. ‘ಬೇರುಗಳು’ ಎಂಬ ಅಧ್ಯಾಯಕ್ಕೆ ಮಾತ್ರ ನಾನು ಇನ್ನೂ ಮೇಲಿನ ದರ್ಜೆ ಕೊಡುತ್ತೇನೆ. ತಮಾಷೆಯೆಂದರೆ, ಆ ಅಧ್ಯಾಯದ ಹೆಚ್ಚಿನ ಭಾಗ ವಾನೆಗಟ್ಟರು ಬರೆದದ್ದಲ್ಲ.

ಬರೆದವರು ಜಾನ್ ರೌಖ್ ಎಂಬ ವಕೀಲರು, ಇಂಡಿಯಾನಾಪೊಲಿಸ್ ನಗರದವರು. ವಾನೆಗಟ್ಟರ ತಂದೆಯ ಸೋದರಸಂಬಂಧಿಯ ಗಂಡ. ಅಂದರೆ ಮನೆತನದ ಅಳಿಯನೇ ಹೊರತು ರಕ್ತಸಂಬಂಧಿಯಲ್ಲ. ಜರ್ಮನಿಯಿಂದ ಬಂದು ನೆಲೆಸಿದ ಈ ಕುಟುಂಬದ ಕಥೆಯನ್ನು ಅವರು ಹಸ್ತಪ್ರತಿಯಾಗಿ ಬರೆದುಕೊಟ್ಟರು. ವಾನೆಗಟ್ ಅದನ್ನು ಅಚ್ಚಿಗೆ ಕೊಟ್ಟು, ನಡುನಡುವೆ ಬಾಯಿ ಹಾಕುತ್ತ ಹೋಗುತ್ತಾರೆ. ನಮ್ಮ ಕಡೆ ಎತ್ತಿನ ಮೇಲೆ ಕುಳಿತು ಊರೂರಿಗೆ ಬಂದು ಮನೆತನದ ಹಿರಿಯರ ಹೆಸರು ಹೇಳುವ ಹೆಳವರೂ ಆ ಮನೆಯವರಲ್ಲ. ಮನೆಯವರು ಹೇಳಲು ನಾಚುವ ಸಂಗತಿಗಳನ್ನು ರೌಖ್ ಹೇಳಬಲ್ಲರು. ಮನೆಯ ಉಪ್ಪುಂಡವರಾದ್ದರಿಂದ ಹೊಗಳಬೇಕಾದ ಕಡೆ ಕೈ ಬಿಚ್ಚಿಯೇ ಹೊಗಳುತ್ತಾರೆ. ಬರಹದ ಗುಣದೋಷಗಳೆರಡೂ ಇಲ್ಲಿಂದಲೇ ಹುಟ್ಟಿವೆ.

ಕಾದಂಬರಿಕಾರನ ಎಂಟು ಮಂದಿ ಮುತ್ತಜ್ಜ ಮುತ್ತಜ್ಜಿಯರೂ ಜರ್ಮನ್ ವಲಸೆಯವರೇ. 1820ರಿಂದ 1870ರವರೆಗಿನ ಐವತ್ತು ವರ್ಷಗಳ ದೊಡ್ಡ ವಲಸೆಯಲ್ಲಿ ಬಂದವರು ಇವರೆಂದು ರೌಖ್ ಲೆಕ್ಕ ಕೊಡುತ್ತಾರೆ. ಕ್ಲೆಮೆನ್ಸ್ ವಾನೆಗಟ್ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟ. ಹೆನ್ರಿ ಶ್ನುಲ್ ಸಗಟು ವ್ಯಾಪಾರಿಯಾದ. ಕಾರ್ಲ್ ಬಾರುಸ್ ಸಂಗೀತಗಾರ. ಪೀಟರ್ ಲೀಬರ್ ಬಿಯರ್ ಭಟ್ಟಿಯಿಂದ ಹಣ ಮಾಡಿದ. ಮುದಿವಯಸ್ಸಿನಲ್ಲಿ ಅಮೆರಿಕದ ಕಾನ್ಸಲ್ ಆಗಿ ಡ್ಯೂಸೆಲ್‌ಡಾರ್ಫಿಗೆ ಹೋದವನು ಅಲ್ಲೇ ಉಳಿದುಬಿಟ್ಟ. ವಲಸೆಯೆಂದರೆ ಒಮ್ಮುಖದ ಪ್ರವಾಹವೆಂದು ತಿಳಿದವರು ಈ ಲೀಬರನನ್ನು ನೆನಪಿಡಬೇಕು.

ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. ಪೂರ್ವಿಕನೊಬ್ಬನ ಜಮೀನು ಫುನ್ನೆ ಎಂಬ ಹೊಳೆಯ ದಡದಲ್ಲಿತ್ತಂತೆ. ಜರ್ಮನ್ ಭಾಷೆಯಲ್ಲಿ ‘ಗುಟ್’ ಎಂದರೆ ಜಮೀನು. ಹೀಗಾಗಿ ಮನೆತನದ ಹೆಸರು ಫುನ್ನೆಗುಟ್. ಇಂಗ್ಲಿಷ್ ಕಿವಿಗೆ ಇದು ‘ನಗೆಪಾಟಲಿನ ಹೊಟ್ಟೆ’ ಎಂದು ಕೇಳಿಸೀತೆಂಬ ಅಂಜಿಕೆಯಿಂದ ಅದು ವಾನೆಗಟ್ ಆಯಿತೆಂದು ರೌಖ್ ಹೇಳುತ್ತಾರೆ. ಮುಂದೆ ಇದೇ ಮನೆತನದಲ್ಲಿ ಜಗತ್ತನ್ನೇ ನಗಿಸಿದವನೊಬ್ಬ ಹುಟ್ಟಿದ!

ಇದೆಲ್ಲ ನಿಜವೇ ಎಂದು ಕೇಳುವುದು ವಿಮರ್ಶಕನ ಕೆಲಸ. ಜರ್ಮನ್ ಸಾಮ್ರಾಜ್ಯದಲ್ಲೆಲ್ಲ ಸರ್ಕಾರಿ ಜನನ ಮರಣ ನೋಂದಣಿ ಬಂದದ್ದು 1876ರಲ್ಲಿ. ಅದಕ್ಕೆ ಹಿಂದಿನದು ಬೇಕೆಂದರೆ ಹೆಚ್ಚಿನ ಕಡೆ ಚರ್ಚಿನ ದಫ್ತರಗಳೇ ಗತಿ. ಹ್ಯಾಂಬರ್ಗ್ ಬಂದರಿನಿಂದ ಹೊರಟವರ ಪಟ್ಟಿಗಳು 1850ರಿಂದೀಚೆಗೆ ಬಹುಮಟ್ಟಿಗೆ ಉಳಿದಿವೆ. ಬ್ರೆಮೆನ್ನಿನವು ಬಹುಪಾಲು ಇಲ್ಲ: ಜಾಗ ಸಾಲದೆಂದು ಹಳೆಯವನ್ನು ಕಚೇರಿಯವರೇ ನಾಶ ಮಾಡಿದರು, ಮಿಕ್ಕವುಗಳಲ್ಲಿ ಹೆಚ್ಚಿನವು ಎರಡನೆಯ ಮಹಾಯುದ್ಧದಲ್ಲಿ ಹೋದವು. ಅಮೆರಿಕದ ಜನಗಣತಿ ಮನೆಯ ಯಜಮಾನನನ್ನಷ್ಟೇ ಅಲ್ಲದೆ ಸ್ವತಂತ್ರರಾದ ಎಲ್ಲರ ಹೆಸರನ್ನೂ ಬರೆಯತೊಡಗಿದ್ದು 1850ರಲ್ಲಿ. ಇದರ ಮೇಲೆ ಕ್ಲೆಮೆನ್ಸನಂಥವರ ತೊಡಕು ಬೇರೆ. ಆತ ಚರ್ಚನ್ನು ಒಪ್ಪದ ಸ್ವತಂತ್ರ ವಿಚಾರವಾದಿ. ತನ್ನ ಶವಸಂಸ್ಕಾರದಲ್ಲಿ ಓದಬೇಕಾದ ಭಾಷಣವನ್ನೂ ತಾನೇ ಬರೆದಿಟ್ಟು ಸತ್ತವನು. ಪಾದ್ರಿಯನ್ನು ಹೊಸ್ತಿಲಾಚೆ ನಿಲ್ಲಿಸಿದ ಮನೆಯ ಹೆಸರುಗಳನ್ನು ಪಾದ್ರಿಯ ದಫ್ತರದಲ್ಲಿ ಹುಡುಕುವುದು ಹೇಗೆ? ಆದ್ದರಿಂದ ರೌಖರ ಬರಹವನ್ನು ಮನೆತನದ ನೆನಪೆಂದು ಓದಬೇಕು, ಕೋರ್ಟಿನ ಸಾಕ್ಷ್ಯವೆಂದಲ್ಲ. ವಕೀಲರು ಬರೆದದ್ದೆಂದು ಮೋಸಹೋಗಬಾರದು.

ಅವರ ದೊಡ್ಡ ಗುಣ ನಿರ್ದಾಕ್ಷಿಣ್ಯ. ತಾಯಿಯ ತಂದೆ ಆಲ್ಬರ್ಟ್ ಲೀಬರನ ದುಂದುಗಾರಿಕೆ, ಅವನ ಎರಡನೆಯ ಹೆಂಡತಿ ಮಲಮಕ್ಕಳಿಗೆ ಕೊಟ್ಟ ಕಾಟ, ಆ ಮನೆಯಿಂದ ಬಂದ ಈಡಿತ್ ಲೀಬರಳ ಅದ್ದೂರಿ ಮದುವೆ, ಮುಂದೆ ಅವಳ ಮನಸ್ಸಿನ ಕುಸಿತ, ಯಾವುದನ್ನೂ ಬಚ್ಚಿಡುವುದಿಲ್ಲ. ಓದುತ್ತಿರುವವನು ಆ ಈಡಿತಳ ಮಗನೇ ಎಂಬುದನ್ನು ಮರೆತವರಂತೆ ಬರೆಯುತ್ತಾರೆ. ಪಾನನಿರೋಧ ಬಂದು ಭಟ್ಟಿಯ ಆದಾಯ ನಿಂತದ್ದು, 1930ರ ಸುಮಾರಿನ ಮಹಾ ಆರ್ಥಿಕ ಕುಸಿತದಲ್ಲಿ ವಾಸ್ತುಶಿಲ್ಪಿಯಾದ ತಂದೆಗೆ ಕೆಲಸವೇ ಇಲ್ಲದಾದದ್ದು, 1944ರ ಮೇ ತಿಂಗಳಲ್ಲಿ ಆ ತಾಯಿ ತಾನೇ ಜೀವ ಕಳೆದುಕೊಂಡದ್ದು ಇವನ್ನೆಲ್ಲ ಒಟ್ಟಿಗೆ ಓದಿದಾಗ ಎದೆ ಭಾರವಾಗುತ್ತದೆ. ಆದರೆ ರೌಖರ ಅಳತೆಗೋಲು ಬಹುಪಾಲು ಆಸ್ತಿ ಮತ್ತು ಅಂತಸ್ತು: ಯಾರು ಎಷ್ಟು ಗಳಿಸಿದರು, ಯಾರು ಎಷ್ಟು ಕಳೆದರು. ಈ ಜಮಾಖರ್ಚಿನಲ್ಲಿ ಮನೆತನದ ಅತಿದೊಡ್ಡ ನಷ್ಟ ಸಾಕಷ್ಟು ದೊಡ್ಡದಾಗಿ ಕಾಣುವುದಿಲ್ಲವೆಂಬುದೇ ನನ್ನ ತಕರಾರು. ಆ ನಷ್ಟ ಭಾಷೆಯದು.

ವಾನೆಗಟ್ಟರ ಅಜ್ಜ ಬರ್ನಾರ್ಡನ ವಾಸ್ತುಸಂಸ್ಥೆಯೇ ಇಂಡಿಯಾನಾಪೊಲಿಸಿನಲ್ಲಿ ‘ಡಾಸ್ ಡಾಯ್ಚೆ ಹೌಸ್’, ಎಂದರೆ ‘ಜರ್ಮನ್ ಮನೆ’ ಎಂಬ ಭವ್ಯ ಕಟ್ಟಡವನ್ನು 1890ರ ದಶಕದಲ್ಲಿ ಕಟ್ಟಿತು. 1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧಕ್ಕಿಳಿಯಿತು. ಮರುವರ್ಷವೇ ಆ ಕಟ್ಟಡದ ಹೆಸರು ‘ಅಥೀನಿಯಮ್’ ಎಂದಾಯಿತು. 1919ರಲ್ಲಿ ಇಂಡಿಯಾನ ರಾಜ್ಯ ಎಳೆಯ ಮಕ್ಕಳ ಶಾಲೆಗಳಲ್ಲಿ ಜರ್ಮನ್ ಕಲಿಸಬಾರದೆಂದು ಶಾಸನ ಮಾಡಿತು. ಕರ್ಟ್ ಹುಟ್ಟಿದ್ದು 1922ರಲ್ಲಿ. ದೇಶಭಕ್ತಿಯ ರುಜುವಾತಿಗಾಗಿ ತಂದೆತಾಯಿ ತಮಗೆ ಆ ಭಾಷೆಯನ್ನೂ ಸಾಹಿತ್ಯವನ್ನೂ ಮನೆತನದ ಕಥೆಗಳನ್ನೂ ಕೊಡದೆ ಬೆಳೆಸಿದರೆಂದು ಅವರು ‘ಪಾಮ್ ಸಂಡೇ’ಯಲ್ಲಿ ಕಹಿಯಾಗಿಯೇ ಬರೆದಿದ್ದಾರೆ. ಸಮುದ್ರ ಕಡಿಯದ ದಾರವನ್ನು ನೆರೆಹೊರೆಯವರ ಕಣ್ಣು ಕಡಿಯಿತು. ಈ ಮನೆತನಕ್ಕೆ ಸೇರಿದ ಯಾಕೋಬ್ ಶ್ರಾಮ್ ಮತ್ತು ಅವನ ಮನೆಯವರು 1836ರಲ್ಲಿ ಇಂಡಿಯಾನದಿಂದ ತಾಯ್ನಾಡಿಗೆ ಬರೆದ ಕಾಗದಗಳಿವೆ. ವಲಸೆಗಾರರು ಸ್ವಂತ ಕೈಯಿಂದ ಬರೆದವು. 1935ರಲ್ಲಿ ಎಮ್ಮ ವಾನೆಗಟ್ ಅವನ್ನು ಇಂಗ್ಲಿಷಿಗೆ ಅನುವಾದಿಸಿ ಅಚ್ಚು ಹಾಕಿಸಬೇಕಾಯಿತು. ಆಗ ಕರ್ಟ್ ಹದಿಮೂರರ ಹುಡುಗ. ಮನೆಯ ಹಿರಿಯರ ಕಾಗದ ಮನೆಯ ಹುಡುಗನಿಗೆ ಅನುವಾದದಲ್ಲಿ!

ಮುಂದಿನದನ್ನು ವಿಧಿಯ ಅಣಕವೆನ್ನದೆ ಬೇರೆ ಮಾತು ಸಿಗುವುದಿಲ್ಲ. 1944ರ ಡಿಸೆಂಬರಿನಲ್ಲಿ ಆ ಹುಡುಗ ಅಮೆರಿಕದ ಸೈನಿಕನಾಗಿ ಜರ್ಮನರ ಕೈಗೆ ಸಿಕ್ಕಿಬಿದ್ದ. 1945ರ ಫೆಬ್ರವರಿಯಲ್ಲಿ ಡ್ರೆಸ್ಡೆನ್ ನಗರ ಬಾಂಬಿನ ಬೆಂಕಿಯಲ್ಲಿ ಉರಿದಾಗ ಅಲ್ಲಿಯ ಕಸಾಯಿಖಾನೆಯ ನೆಲದಡಿಯಲ್ಲಿದ್ದು ಬದುಕಿಕೊಂಡ. ಸೆರೆಬಿಟ್ಟ ಮೇಲೆ ಮನೆಗೆ ಬರೆದ ಪತ್ರದಲ್ಲಿ, ಚೂರುಪಾರು ಜರ್ಮನ್ ಬರುತ್ತದೆಂಬ ಕಾರಣಕ್ಕೆ ತನ್ನನ್ನೇ ಕೈದಿಗಳ ಗುಂಪಿಗೆ ಮುಖಂಡನನ್ನಾಗಿ ಮಾಡಿದ್ದರೆಂದು ತಿಳಿಸಿದ್ದಾರೆ. ತಂದೆತಾಯಿ ಮುಚ್ಚಿಟ್ಟರೂ ಬಾಗಿಲ ಸಂದಿನಿಂದ ಸೋರಿದ ಭಾಷೆ ಅದು. ಕಾವಲುಗಾರರಿಗೆ ಎದುರು ಮಾತಾಡಿ ಏಟು ತಿಂದದ್ದೂ ಆ ಹುದ್ದೆ ಕಳೆದುಕೊಂಡದ್ದೂ ಅದೇ ಪತ್ರದಲ್ಲಿವೆ. ‘ಸ್ಲಾಟರ್‌ಹೌಸ್ ಫೈವ್’ (1969) ಓದಿದವರೆಲ್ಲ ಯುದ್ಧದ ಹುಚ್ಚುತನವನ್ನು ಕಂಡಿದ್ದಾರೆ. ರೌಖರ ಬರಹವನ್ನು ಪಕ್ಕದಲ್ಲಿಟ್ಟು ಓದಿದರೆ, ಉರಿಯುತ್ತಿದ್ದ ಊರು ಅವರಿಗೆ ಪೂರ್ತಿ ಪರಊರಲ್ಲವೆಂಬುದೂ ತಿಳಿಯುತ್ತದೆ.

1976ರ ‘ಸ್ಲ್ಯಾಪ್‌ಸ್ಟಿಕ್’ ಕಾದಂಬರಿಯನ್ನು ಅಂದಿನ ವಿಮರ್ಶಕರು ಚೆನ್ನಾಗಿ ಥಳಿಸಿದರು. ವಾನೆಗಟ್ಟರೂ ಅದಕ್ಕೆ ‘ಡಿ’ ಹಾಕಿಕೊಂಡರು. ಅದರಲ್ಲಿ ಅಮೆರಿಕದ ಅಧ್ಯಕ್ಷನೊಬ್ಬ ಪ್ರಜೆಗಳಿಗೆಲ್ಲ ಸರ್ಕಾರದಿಂದಲೇ ಹೊಸ ನಡುಹೆಸರು ಹಂಚುತ್ತಾನೆ: ಒಂದು ವಸ್ತುವಿನ ಹೆಸರು, ಒಂದು ಸಂಖ್ಯೆ. ವಸ್ತುವಿನ ಹೆಸರು ಒಂದೇ ಆದವರು ದಾಯಾದಿಗಳು. ಸಂಖ್ಯೆಯೂ ಕೂಡಿಬಂದರೆ ಒಡಹುಟ್ಟಿದವರು. ಒಂಟಿತನ ತೊಲಗಲೆಂದು ಕಾಗದದ ಮೇಲೆ ಸೃಷ್ಟಿಸಿದ ಗೋತ್ರ! ಬರಿಯ ಹುಡುಗಾಟವೆಂದು ತಳ್ಳಿಹಾಕಿದವರು ಈ ವಂಶಾವಳಿಯನ್ನು ಓದಿರಲಿಲ್ಲ. ಅದು ಅಚ್ಚಾದದ್ದೇ ಐದು ವರ್ಷ ತಡವಾಗಿ. ಎಂಟು ಮನೆತನಗಳ ಬಳಗವಿದ್ದ ಊರಿನಲ್ಲಿ ಹುಟ್ಟಿ, ಬಳಗ ಚೆದುರಿದ್ದನ್ನು ಕಣ್ಣಾರೆ ಕಂಡವನ ಕನಸು ಅದು. ಕಾದಂಬರಿ ಕೊನೆಕೊನೆಗೆ ಸಡಿಲವಾಗುತ್ತದೆ, ಒಪ್ಪುತ್ತೇನೆ. ‘ಡಿ’ ಮಾತ್ರ ಅನ್ಯಾಯ.

ಎರಡನ್ನೂ ಓದುವವರು ಮೊದಲು ರೌಖರನ್ನು ಓದಿ, ಆಮೇಲೆ ‘ಸ್ಲ್ಯಾಪ್‌ಸ್ಟಿಕ್’ನ ಪೀಠಿಕೆಗೆ ಬರಲಿ. ಚಿಕ್ಕಪ್ಪ ಅಲೆಕ್ಸನ ಅಂತ್ಯಕ್ರಿಯೆಗೆಂದು ವಾನೆಗಟ್ ಮತ್ತು ಅಣ್ಣ ಬರ್ನಾರ್ಡ್ ವಿಮಾನದಲ್ಲಿ ಇಂಡಿಯಾನಾಪೊಲಿಸಿಗೆ ಹೊರಟಿದ್ದಾರೆ. ಇಬ್ಬರ ನಡುವಿನ ಆಸನ ಖಾಲಿ. 1958ರಲ್ಲಿ ತೀರಿಕೊಂಡ ಅಕ್ಕ ಆಲಿಸಳಿಗೆ ಅದು ಸರಿಹೋಗುತ್ತಿತ್ತು ಎಂದುಕೊಳ್ಳುತ್ತಾರೆ ತಮ್ಮ.